ಒಂದೇ ಮೊಹರು, ಎರಡು ಬರಹ

ಸರ್ವರ್‌ನಲ್ಲಿರುವ ಒಂದು ಫೈಲ್‌ನಲ್ಲಿ 100 ಎಂದಿದ್ದ ಬೆಲೆ 200 ಆಗಿದೆ. ಸರ್ವರ್‌ನಲ್ಲೇ ಕೂತು ನೋಡಿದರೆ 200 ಎಂದು ಸರಿಯಾಗಿಯೇ ಇದೆ. ಅದೇ ಫೈಲನ್ನು ನೆಟ್‌ವರ್ಕ್ ಮೂಲಕ ಬಳಸುವ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದರೆ ಮಾತ್ರ 100. ಐದು ನಿಮಿಷ ಬಿಟ್ಟು ತೆರೆದರೂ 100, ಸಂಜೆ ತೆರೆದರೂ 100. ನೆಟ್‌ವರ್ಕ್ ಕೆಟ್ಟಿಲ್ಲ, ಡಿಸ್ಕ್ ಕೆಟ್ಟಿಲ್ಲ, ಪರದೆಯ ಮೇಲೆ ದೋಷದ ಸೂಚನೆಯೂ ಇಲ್ಲ. ಹಳೆಯ ಬೆಲೆಯನ್ನೇ ಸರಿಯೆಂದು ನಂಬಿ ಆ ಕಂಪ್ಯೂಟರ್ ಮುಂದಿನ ಲೆಕ್ಕಗಳನ್ನೆಲ್ಲ ಮಾಡುತ್ತಾ ಹೋಗುತ್ತದೆ. ಲಿನಕ್ಸ್ ಸರ್ವರ್‌ಗಳಲ್ಲಿ ಬಹುಕಾಲ ಉಳಿದಿದ್ದ ಈ ದೋಷದ ಬೇರು ಸುಮಾರು ನಾಲ್ಕು ಮಿಲಿಸೆಕೆಂಡಿನ ಒಂದು ಸಂದಿಯಲ್ಲಿತ್ತು. ಅದನ್ನು ಮುಚ್ಚಲು 2023ರಲ್ಲಿ ಮಾಡಿದ ಮೊದಲ ಪ್ರಯತ್ನವನ್ನು ಹಿಂತೆಗೆಯಬೇಕಾಯಿತು. ಎರಡನೆಯದು 2025ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 6.13ರಲ್ಲಿ ಜನರ ಕೈ ಸೇರಿತು. ಕ್ಯಾಶ್‌ನಲ್ಲಿ ಹಳೆಯ ಮಾಹಿತಿ ಉಳಿದುಬಿಟ್ಟರೆ ಕ್ಯಾಶನ್ನೇ ಆರಿಸಿಬಿಡಿ ಎನ್ನುವುದು ನಮ್ಮ ಮೊದಲ ಸಲಹೆ. ಈ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಆ ಸಲಹೆ ಯಾಕೆ ತಪ್ಪು ಎಂಬುದು ತಿಳಿಯುತ್ತದೆ. ಇಲ್ಲಿ ರಿಪೇರಿ ಆಗಬೇಕಾಗಿದ್ದದ್ದು ನಕಲಲ್ಲ, ಮೂಲ ಬದಲಾಗಿದೆ ಎಂದು ಹೇಳಬೇಕಾದ ಗುರುತು.

ನೆಟ್‌ವರ್ಕ್ ಫೈಲ್ ಸಿಸ್ಟಮ್ ಎಂದರೆ ಬೇರೆಲ್ಲೋ ಇರುವ ಡಿಸ್ಕನ್ನು ನಮ್ಮದೇ ಡಿಸ್ಕಿನಂತೆ ಕಾಣಿಸುವ ವ್ಯವಸ್ಥೆ. ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದ ನಡುವಿನಲ್ಲಿ ರೂಪಿಸಿದ ಎನ್‌ಎಫ್‌ಎಸ್ ಇವುಗಳಲ್ಲಿ ಹೆಸರುವಾಸಿ. ಅದರ ಮೂರನೆಯ ಆವೃತ್ತಿ 1995ರದ್ದು. ಇಂದಿಗೂ ಪ್ರಯೋಗಾಲಯ, ಸಿನಿಮಾ ಸ್ಟುಡಿಯೊ, ಚಿಪ್ ವಿನ್ಯಾಸದ ಕಚೇರಿಗಳಲ್ಲಿ ಅದು ದುಡಿಯುತ್ತಿದೆ. ಬಳಸುವವನ ಕಂಪ್ಯೂಟರ್‌ನಲ್ಲಿ ಒಂದು ಡ್ರೈವರ್ ಕೂತಿರುತ್ತದೆ. ಪ್ರೋಗ್ರಾಂ ಒಂದು ಫೈಲ್ ಕೇಳಿದಾಗ ಆ ಡ್ರೈವರ್ ಸರ್ವರ್‌ನಿಂದ ತಂದುಕೊಡುತ್ತದೆ, ತಂದದ್ದರ ಒಂದು ಪ್ರತಿಯನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಈ ಇಟ್ಟುಕೊಂಡ ಪ್ರತಿಯೇ ಕ್ಯಾಶ್. ನಗದು ಹಣಕ್ಕೆ ನಾವು ಹೇಳುವ ಕ್ಯಾಶ್‌ಗೂ ಇದಕ್ಕೂ ಉಚ್ಚಾರವಷ್ಟೇ ಒಂದು; ಇದು ಬಚ್ಚಿಡುವುದು ಎಂಬರ್ಥದ ಫ್ರೆಂಚ್ ಮೂಲದ ಪದ. ಸ್ವಂತ ಮೆಮೊರಿಯಿಂದ ಓದಲು ಮೈಕ್ರೋಸೆಕೆಂಡಿಗಿಂತ ಕಡಿಮೆ ಕಾಲ ಸಾಕು. ಸರ್ವರ್‌ಗೆ ಹೋಗಿಬರಲು ಅದಕ್ಕಿಂತ ನೂರಾರು ಪಟ್ಟು ಬೇಕು. ಸಾವಿರ ಕಂಪ್ಯೂಟರ್‌ಗಳು ಪ್ರತಿ ಓದಿಗೂ ಸರ್ವರ್‌ನ ಬಾಗಿಲು ಬಡಿದರೆ ಸರ್ವರ್ ಉಸಿರುಗಟ್ಟಿ ನಿಲ್ಲುತ್ತದೆ. ನಕಲು ಇಟ್ಟುಕೊಳ್ಳುವುದರ ಮೇಲೆಯೇ ಇಡೀ ವ್ಯವಸ್ಥೆ ನಿಂತಿದೆ.

ಮೂಲ ಬದಲಾದದ್ದು ನಕಲು ಇಟ್ಟುಕೊಂಡವನಿಗೆ ಹೇಗೆ ಗೊತ್ತಾಗಬೇಕು? ಎನ್‌ಎಫ್‌ಎಸ್ ಆರಿಸಿಕೊಂಡ ದಾರಿ ಸರಳ. ಪ್ರತಿ ಫೈಲ್‌ನ ಜೊತೆ ಅದು ಕೊನೆಯದಾಗಿ ಬದಲಾದ ಸಮಯವನ್ನು ಸರ್ವರ್ ಬರೆದಿಟ್ಟಿರುತ್ತದೆ. ಕಚೇರಿಯ ಕಾಗದದ ಮೇಲೆ ಒತ್ತುವ ದಿನಾಂಕದ ಮೊಹರಿನ ಹಾಗೆ ಇದು. ಸಮಯದ ಮೊಹರು ಎಂದೇ ಕರೆಯೋಣ. ಕ್ಲೈಂಟ್, ಅಂದರೆ ಫೈಲನ್ನು ಬಳಸುವ ಕಂಪ್ಯೂಟರ್, ಫೈಲ್ ತೆರೆಯುವಾಗ ಇಡೀ ಫೈಲನ್ನು ತರಿಸುವುದಿಲ್ಲ. ಮೊಹರನ್ನೂ ಫೈಲ್‌ನ ಉದ್ದವನ್ನೂ ಮಾತ್ರ ಕೇಳುತ್ತದೆ. ತನ್ನ ಬಳಿಯ ನಕಲಿನ ಮೊಹರಿಗೆ ಅದು ತಾಳೆಯಾದರೆ ನಕಲನ್ನೇ ಬಳಸುತ್ತದೆ, ಇಲ್ಲವಾದರೆ ನಕಲನ್ನು ಎಸೆದು ಹೊಸದನ್ನು ತರುತ್ತದೆ. ಬರೆಯುವವನು ಫೈಲ್ ಮುಚ್ಚುವಾಗ ತನ್ನ ಬದಲಾವಣೆಗಳನ್ನೆಲ್ಲ ಸರ್ವರ್‌ಗೆ ಒಪ್ಪಿಸಬೇಕು, ಓದುವವನು ತೆರೆಯುವಾಗ ತಾಳೆ ನೋಡಬೇಕು ಎಂಬುದು ಇಬ್ಬರ ನಡುವಿನ ಒಪ್ಪಂದ. ಒಮ್ಮೆ ತೆರೆದ ಮೇಲೆ ಪದೇಪದೇ ಕೇಳದಿರಲು ಲಿನಕ್ಸ್ ಕ್ಲೈಂಟ್ ಮೊಹರಿನ ಉತ್ತರವನ್ನೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಫೈಲ್‌ಗಳಿಗೆ ಕನಿಷ್ಠ 3 ಸೆಕೆಂಡ್, ಗರಿಷ್ಠ 60 ಸೆಕೆಂಡ್. ಈ ಅವಧಿಯಲ್ಲಿ ಹಳೆಯದು ಕಂಡರೆ ಅದನ್ನು ದೋಷ ಎನ್ನಲಾಗದು. ಕೈಪಿಡಿಯಲ್ಲೇ ಬರೆದಿರುವ ಷರತ್ತು ಅದು, ನಿಮಿಷದೊಳಗೆ ತಾನಾಗಿ ಸರಿಹೋಗುತ್ತದೆ. ನಾವು ನೋಡುತ್ತಿರುವುದು ಸಂಜೆಯಾದರೂ ಸರಿಹೋಗದ 100ನ್ನು.

ಆ ಸಂದಿಯನ್ನು ಬಿಡಿಸಿ ನೋಡೋಣ. ಫೈಲ್‌ಗಳ ಮೇಲೆ ಮೊಹರು ಒತ್ತಲು ಲಿನಕ್ಸ್‌ನ ತಿರುಳಾದ ಕರ್ನಲ್ ಪ್ರತಿ ಸಲ ನಿಖರವಾದ ಗಡಿಯಾರವನ್ನು ನೋಡುತ್ತಿರಲಿಲ್ಲ. ಒಳಗಿನ ಟಿಕ್ ಒಂದು ಬಡಿದಾಗೆಲ್ಲ ಸಮಯವನ್ನು ಒಂದು ಕಡೆ ಬರೆದಿಟ್ಟು, ಮುಂದಿನ ಬಡಿತದವರೆಗೆ ಅದನ್ನೇ ಎಲ್ಲರಿಗೂ ಹಂಚುತ್ತಿತ್ತು. ಕರ್ನಲನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ಟಿಕ್‌ನ ಅಂತರ 1ರಿಂದ 10 ಮಿಲಿಸೆಕೆಂಡ್. ಬಹಳ ಕಡೆ 4. ಈಗ ಸೊನ್ನೆಯ ಕ್ಷಣದಲ್ಲಿ ಟಿಕ್ ಬಡಿಯಿತು ಎನ್ನಿ. ಒಂದನೆಯ ಮಿಲಿಸೆಕೆಂಡಿನಲ್ಲಿ ಸರ್ವರ್‌ನ ಒಂದು ಪ್ರೋಗ್ರಾಂ ಫೈಲ್‌ಗೆ 100 ಎಂದು ಬರೆಯಿತು, ಮೊಹರು ಸೊನ್ನೆ. ಎರಡನೆಯದರಲ್ಲಿ ಕ್ಲೈಂಟ್ ಬಂದು ಮೊಹರು ಕೇಳಿ, 100 ಓದಿ, ನಕಲು ಇಟ್ಟುಕೊಂಡಿತು. ಮೂರನೆಯದರಲ್ಲಿ ಅದೇ ಪ್ರೋಗ್ರಾಂ 100 ಅಳಿಸಿ 200 ಬರೆಯಿತು. ಟಿಕ್ ಇನ್ನೂ ಬಡಿದಿಲ್ಲವಾದ್ದರಿಂದ ಮೊಹರು ಆಗಲೂ ಸೊನ್ನೆಯೇ. ಎರಡೂ ಮೂರಂಕಿಯ ಸಂಖ್ಯೆಗಳು, ಹಾಗಾಗಿ ಫೈಲ್‌ನ ಉದ್ದವೂ ಬದಲಾಗಲಿಲ್ಲ. ಇದಾದ ಮೇಲೆ ಯಾರೂ ಆ ಫೈಲನ್ನು ಮುಟ್ಟದಿದ್ದರೆ ಕ್ಲೈಂಟ್ ಯಾವಾಗ ಕೇಳಿದರೂ ಸರ್ವರ್ ಹೇಳುವುದು ಅದೇ ಮೊಹರು, ಅದೇ ಉದ್ದ. ತಾಳೆ ಸರಿಯಾಗುತ್ತದೆ, ನಕಲು ಸಾಚಾ ಎಂದು ತೀರ್ಮಾನವಾಗುತ್ತದೆ. ಬೇರೆ ಕೆಲಸಕ್ಕೆ ಮೆಮೊರಿ ಸಾಲದೆ ಆ ನಕಲು ಹೊರಬೀಳುವವರೆಗೂ ಅಲ್ಲಿ 100 ಇರುತ್ತದೆ. ಗಮನಿಸಬೇಕಾದದ್ದೆಂದರೆ ಇಲ್ಲಿ ಕ್ಲೈಂಟಿನ ಡ್ರೈವರ್ ಒಪ್ಪಂದದ ಒಂದು ಅಕ್ಷರವನ್ನೂ ಮೀರಿಲ್ಲ. ಕೇಳಬೇಕಾದ ಹೊತ್ತಿಗೆ ಕೇಳಿದೆ, ತಾಳೆ ನೋಡಿದೆ. ಲಕ್ಷಣ ಕಾಣಿಸಿಕೊಂಡದ್ದು ಅಲ್ಲಿ, ರೋಗ ಇದ್ದದ್ದು ಸರ್ವರ್‌ನಲ್ಲಿ.

ಕ್ಯಾಶ್ ಆರಿಸಿ ಎನ್ನುವ ಸಲಹೆ ಇಲ್ಲೇ ಸೋಲುತ್ತದೆ. ಎನ್‌ಎಫ್‌ಎಸ್‌ನಲ್ಲಿ ಅದಕ್ಕೆಂದೇ ‘ನೋಎಸಿ’ ಎಂಬ ಆಯ್ಕೆಯಿದೆ. ಅದನ್ನು ಹಾಕಿದರೆ ಮೊಹರಿನ ಉತ್ತರವನ್ನು ಕ್ಲೈಂಟ್ ನೆನಪಿಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ಸರ್ವರನ್ನೇ ಕೇಳುತ್ತದೆ. ಬರಹಗಳೂ ಆಗಿಂದಾಗಲೇ ಸರ್ವರ್‌ಗೆ ಹೋಗುತ್ತವೆ. ವೇಗ ಪಾತಾಳಕ್ಕಿಳಿಯುತ್ತದೆ. ಅಷ್ಟು ಬೆಲೆ ತೆತ್ತರೂ ನಮ್ಮ 100 ಮಾತ್ರ 100 ಆಗಿಯೇ ಉಳಿಯುತ್ತದೆ. ಯಾಕೆಂದರೆ ಎಷ್ಟು ಸಲ ಕೇಳಿದರೂ ಸರ್ವರ್ ಹೇಳುವ ಮೊಹರು ಒಂದೇ, ತಾಳೆಯಾದ ಮೇಲೆ ಮೆಮೊರಿಯ ನಕಲನ್ನು ಎಸೆಯಲು ಕ್ಲೈಂಟಿಗೆ ಕಾರಣವೇ ಇಲ್ಲ. ಹತ್ತು ಸಲ ವಿಚಾರಿಸಿದರೆ ತಪ್ಪು ಉತ್ತರ ಹತ್ತು ಸಲ ಸಿಗುತ್ತದೆ, ಅಷ್ಟೆ. ಫೈಲ್‌ಗೆ ಬೀಗ ಹಾಕಿ ಓದಿದರೆ ಕ್ಲೈಂಟ್ ನಕಲನ್ನು ಕೈಬಿಟ್ಟು ಹೊಸದಾಗಿ ತರುತ್ತದೆ, ಹಾಗಾಗಿ ಪ್ರೋಗ್ರಾಂ ಬರೆಯುವವರು ಬೀಗ ಬಳಸಲಿ ಎಂದು ಕೆಲವರು ಹೇಳುತ್ತಾರೆ. ಹಂಚಿಕೊಂಡ ಫೈಲ್‌ಗೆ ಏಕಕಾಲದಲ್ಲಿ ಹಲವರು ಬರೆಯುವ ಕಡೆ ಆ ಮಾತು ಸರಿ. ಆದರೆ ಕಂಪೈಲರ್, ಎಡಿಟರ್, ಚಿತ್ರ ತೋರಿಸುವ ಪ್ರೋಗ್ರಾಂ, ಇವುಗಳಲ್ಲಿ ಬಹುಪಾಲು ಬೀಗದ ತಂಟೆಗೇ ಹೋಗುವುದಿಲ್ಲ. ಅವು ತೆರೆದು ಓದುತ್ತವೆ. ತೆರೆದಾಗ ಹೊಸದು ಸಿಗುತ್ತದೆ ಎಂದು ಒಪ್ಪಂದವೇ ಹೇಳುವಾಗ ಹಾಗೆ ನಂಬಿದ್ದು ಅವುಗಳ ತಪ್ಪಾಗದು.

ನಾಲ್ಕು ಮಿಲಿಸೆಕೆಂಡಿನೊಳಗೆ ಒಂದೇ ಫೈಲನ್ನು ಎರಡು ಸಲ ಬರೆದು ನಡುವೆ ಇನ್ನೊಬ್ಬ ಓದುವುದು ಎಷ್ಟು ಅಪರೂಪ, ಅದಕ್ಕಾಗಿ ಕರ್ನಲ್ಲಿನ ಬುಡಕ್ಕೇ ಕೈಹಾಕಬೇಕೇ ಎಂಬ ಆಕ್ಷೇಪವೂ ಇದೆ. ಕೀಲಿಮಣೆಯ ಮುಂದೆ ಕೂತ ಮನುಷ್ಯನಿಗೆ ಅದು ಅಪರೂಪವೇ. ಕಣ್ಣು ಮಿಟುಕಿಸಲು ನೂರು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಆದರೆ ಸರ್ವರ್‌ಗಳಲ್ಲಿ ಫೈಲ್ ಬರೆಯುವವರು ಬಹುತೇಕ ಮನುಷ್ಯರಲ್ಲ. ಲಾಗ್ ಬರೆಯುವ ಪ್ರೋಗ್ರಾಂ, ಸಾಫ್ಟ್‌ವೇರ್ ಕಟ್ಟುವ ಯಂತ್ರ, ಒಂದರ ಸ್ಥಿತಿಯನ್ನು ಇನ್ನೊಂದು ಓದಿ ಮುಂದುವರಿಯುವ ನೂರಾರು ಲೆಕ್ಕದ ಕಂಪ್ಯೂಟರ್‌ಗಳು, ಇವೆಲ್ಲ ಸೆಕೆಂಡಿಗೆ ಸಾವಿರಾರು ಸಲ ಬರೆಯುತ್ತವೆ. ಒಂದೇ ಕಟ್ಟಡದ ನೆಟ್‌ವರ್ಕ್‌ನಲ್ಲಿ ಪ್ರಶ್ನೆ ಹೋಗಿ ಉತ್ತರ ಬರಲು ಒಂದು ಮಿಲಿಸೆಕೆಂಡೂ ಬೇಡ. ಎನ್‌ಎಫ್‌ಎಸ್ ಹುಟ್ಟಿದ ಕಾಲದ ಡಿಸ್ಕ್‌ಗಳಿಗೆ ಒಂದು ಬರಹಕ್ಕೇ ಹತ್ತಾರು ಮಿಲಿಸೆಕೆಂಡ್ ಹಿಡಿಯುತ್ತಿದ್ದಾಗ ಟಿಕ್‌ನ ಅಂತರ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಯಂತ್ರ ವೇಗವಾದಂತೆ ಸಂದಿಯೊಳಗೆ ತೂರುವ ಘಟನೆಗಳು ಹೆಚ್ಚಾದವು. ಇನ್ನು, ಅಪರೂಪಕ್ಕೊಮ್ಮೆ ಸದ್ದಿಲ್ಲದೆ ತಪ್ಪು ಮಾಹಿತಿ ಕೊಡುವ ದೋಷ, ದಿನಾಲೂ ಎದ್ದು ಕಾಣುವ ದೋಷಕ್ಕಿಂತ ಹೆಚ್ಚು ಅಪಾಯದ್ದು ಎಂದೇ ನಾನು ಭಾವಿಸುತ್ತೇನೆ. ಎರಡನೆಯದನ್ನು ಯಾರಾದರೂ ಹುಡುಕಿ ಸರಿಪಡಿಸುತ್ತಾರೆ. ಮೊದಲನೆಯದರ ಫಲ ಯಾವುದೋ ವರದಿಯ ಯಾವುದೋ ಕಾಲಂನಲ್ಲಿ ಕೂತುಬಿಡುತ್ತದೆ, ಮತ್ತೆ ಮಾಡಿ ನೋಡಿದರೆ ಕಾಣುವುದೇ ಇಲ್ಲ.

ಕ್ಲೈಂಟೇ ಜಾಣತನ ತೋರಿದರೆ ಸಾಲದೇ? ಗಿಟ್ ಎಂಬ ಆವೃತ್ತಿ ನಿರ್ವಹಣೆಯ ಸಾಧನ ಹಾಗೆಯೇ ಮಾಡುತ್ತದೆ. ತನ್ನ ಪಟ್ಟಿಯನ್ನು ಬರೆದ ಹೊತ್ತಿನಲ್ಲೇ ಅಥವಾ ಅದರ ನಂತರ ಬದಲಾದ ಫೈಲ್ ಇದ್ದರೆ ಅದರ ಮೊಹರನ್ನು ಗಿಟ್ ನಂಬುವುದಿಲ್ಲ, ಒಳಗಿನ ಬರಹವನ್ನೇ ಹೋಲಿಸಿ ನೋಡುತ್ತದೆ. ಒಳ್ಳೆಯ ಉಪಾಯವೇ, ಆದರೆ ಗಿಟ್‌ನ ಕೈಗೆ ಫೈಲ್ ಹತ್ತಿರದಲ್ಲೇ ಸಿಗುತ್ತದೆ. ಎನ್‌ಎಫ್‌ಎಸ್ ಕ್ಲೈಂಟ್ ಒಳಗಿನ ಬರಹವನ್ನು ಹೋಲಿಸಬೇಕೆಂದರೆ ಫೈಲನ್ನೇ ತರಿಸಬೇಕು, ಆಗ ಕ್ಯಾಶ್ ಇದ್ದೂ ಇಲ್ಲದಂತಾಯಿತು. ಮೇಲಾಗಿ ಸರ್ವರ್‌ನ ಗಡಿಯಾರವೂ ಕ್ಲೈಂಟಿನ ಗಡಿಯಾರವೂ ಒಂದೇ ಸಮಯ ತೋರಿಸುತ್ತವೆಂಬ ಖಾತ್ರಿಯಿಲ್ಲ; ‘ಈಗಷ್ಟೇ ಬದಲಾದದ್ದು’ ಎಂದು ಕ್ಲೈಂಟ್ ಯಾವ ಗಡಿಯಾರ ಹಿಡಿದು ಹೇಳಬೇಕು? ಸರ್ವರೇ ಕೂಗಿ ಹೇಳಲಿ ಎಂಬುದು ಇನ್ನೊಂದು ದಾರಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಬೆಳೆದ ಎಎಫ್‌ಎಸ್‌ನಲ್ಲಿ, ಫೈಲ್ ಬದಲಾದರೆ ನಕಲು ಪಡೆದವರಿಗೆಲ್ಲ ಸರ್ವರೇ ಸುದ್ದಿ ಮುಟ್ಟಿಸುತ್ತದೆ. ಎನ್‌ಎಫ್‌ಎಸ್‌ನ ನಾಲ್ಕನೆಯ ಆವೃತ್ತಿಯಲ್ಲೂ ಫೈಲ್‌ನ ಉಸ್ತುವಾರಿಯನ್ನು ಸ್ವಲ್ಪ ಕಾಲ ಕ್ಲೈಂಟಿಗೆ ವಹಿಸಿ, ಬೇಕಾದಾಗ ವಾಪಸು ಕೇಳುವ ಏರ್ಪಾಡಿದೆ. ಆದರೆ ವಹಿಸಲೇಬೇಕೆಂಬ ಕಟ್ಟಳೆ ಸರ್ವರ್‌ಗಿಲ್ಲ. ವಹಿಸಿದ್ದನ್ನು ಒಮ್ಮೆ ವಾಪಸು ಪಡೆದ ಮೇಲೆ ನಕಲು ಇನ್ನೂ ಸಾಚಾನೇ ಎಂದು ತಿಳಿಯಲು ಕ್ಲೈಂಟ್ ಮತ್ತೆ ಗುರುತನ್ನೇ ತಾಳೆ ನೋಡಬೇಕು. ಎಲ್ಲ ದಾರಿಗಳೂ ತಿರುಗಿ ಬರುವುದು ಸರ್ವರ್ ಕೊಡುವ ಗುರುತಿನ ಬಳಿಗೇ.

ಹಾಗಿದ್ದರೆ ಪ್ರತಿ ಬರಹಕ್ಕೂ ನ್ಯಾನೊಸೆಕೆಂಡ್ ಲೆಕ್ಕದ ನಿಖರ ಮೊಹರನ್ನೇ ಒತ್ತಿದರಾಯಿತು ಎನ್ನಿಸುತ್ತದೆ. ಇದರ ಖರ್ಚು ಬೇರೆ ಕಡೆ ಬೀಳುತ್ತದೆ. ಒಂದು ಪ್ರೋಗ್ರಾಂ ಸೆಕೆಂಡಿಗೆ ಒಂದು ಲಕ್ಷ ಸಲ ಒಂದು ಫೈಲ್‌ಗೆ ಬರೆಯುತ್ತಿದೆ ಎನ್ನಿ. ಟಿಕ್‌ನ ಮೊಹರಾದರೆ, ನಾಲ್ಕು ಮಿಲಿಸೆಕೆಂಡಿನ ಅಂತರದಲ್ಲಿ, ಸೆಕೆಂಡಿಗೆ ಹೆಚ್ಚೆಂದರೆ 250 ಸಲ ಬದಲಾಗುತ್ತದೆ. ಮೊಹರು ಬದಲಾಗದ ಬರಹಗಳಲ್ಲಿ ಫೈಲ್‌ನ ದಾಖಲೆಯನ್ನು ತಿದ್ದುವ ಕೆಲಸವೇ ಇಲ್ಲ. ನಿಖರ ಮೊಹರಾದರೆ ಲಕ್ಷಕ್ಕೆ ಲಕ್ಷವೂ ತಿದ್ದುಪಡಿ. ಅದನ್ನೆಲ್ಲ ಫೈಲ್ ಸಿಸ್ಟಮ್ ತನ್ನ ದಿನಚರಿ ಪುಸ್ತಕಕ್ಕೂ ಏರಿಸಬೇಕು. ನೆಟ್‌ವರ್ಕ್ ಮೂಲಕ ಫೈಲ್ ಹಂಚದ ಸಾಮಾನ್ಯ ಲ್ಯಾಪ್‌ಟಾಪ್ ಕೂಡ ಈ ದಂಡ ತೆರಬೇಕಾಗುತ್ತದೆ. ಸಮಯವನ್ನು ಬಿಟ್ಟು, ಬದಲಾದಾಗೆಲ್ಲ ಒಂದೊಂದೇ ಏರುವ ಎಣಿಕೆಯನ್ನು ಇಡುವ ಪದ್ಧತಿಯೂ ಇದೆ. ಎನ್‌ಎಫ್‌ಎಸ್‌ನ ನಾಲ್ಕನೆಯ ಆವೃತ್ತಿಯಲ್ಲಿ ಅದಕ್ಕೆ 64 ಬಿಟ್‌ಗಳ ಜಾಗವಿದೆ. ಆದರೆ ಮೂರನೆಯ ಆವೃತ್ತಿಯಲ್ಲಿ ಅಂಥ ಜಾಗವಿಲ್ಲ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನಲ್ಲಂತೂ ಕಡೆಯದಾಗಿ ಓದಿದ ಸಮಯವನ್ನು ದಾಖಲಿಸಿದರೂ ಎಣಿಕೆ ಏರುತ್ತಿತ್ತು. ಬದಲಾಗಿದ್ದರೂ ಬದಲಾಗಿಲ್ಲ ಎನ್ನುವುದು ಟಿಕ್‌ನ ತಪ್ಪಾದರೆ, ಬದಲಾಗದಿದ್ದರೂ ಬದಲಾಗಿದೆ ಎನ್ನುವುದು ಈ ಎಣಿಕೆಯ ತಪ್ಪು. ಯಾರೋ ಫೈಲ್ ಓದಿದರೆಂಬ ಕಾರಣಕ್ಕೆ ಎಲ್ಲ ಕ್ಲೈಂಟ್‌ಗಳೂ ಒಳ್ಳೆಯ ನಕಲನ್ನು ಎಸೆದು ಮತ್ತೆ ತರಿಸಿಕೊಳ್ಳುವಂತಾಗುತ್ತದೆ.

ಕರ್ನಲ್‌ನಲ್ಲಿ ಎನ್‌ಎಫ್‌ಎಸ್ ಸರ್ವರ್‌ನ ಕೆಲಸ ನೋಡಿಕೊಳ್ಳುವವರಲ್ಲಿ ಒಬ್ಬರಾದ ಜೆಫ್ ಲೇಟನ್ ಮುಂದಿಟ್ಟ ಯೋಚನೆ ಟಿಕ್‌ನ ಮೊಹರು, ನಿಖರ ಮೊಹರು ಈ ಎರಡರ ನಡುವೆ ಹಾದುಹೋಗುತ್ತದೆ. ಎರಡು ಬರಹಗಳಿಗೆ ಒಂದೇ ಮೊಹರು ಬಿದ್ದರೆ ತೊಂದರೆಯಾಗುವುದು ಯಾವಾಗ? ನಡುವೆ ಯಾರಾದರೂ ಮೊಹರನ್ನು ನೋಡಿದ್ದರೆ ಮಾತ್ರ. ಯಾರೂ ನೋಡದಿದ್ದರೆ ಮೊದಲ ಬರಹಕ್ಕೂ ಎರಡನೆಯದಕ್ಕೂ ಬೇರೆ ಗುರುತು ಬೇಕಿಲ್ಲ, ಮೊದಲನೆಯದರ ನಕಲು ಯಾರ ಬಳಿಯೂ ಇಲ್ಲವಲ್ಲ. ಹಾಗಾಗಿ ಯಾರಾದರೂ ಮೊಹರು ಕೇಳಿದಾಗ ಫೈಲ್‌ನ ದಾಖಲೆಯಲ್ಲಿ ‘ನೋಡಲಾಗಿದೆ’ ಎಂದು ಒಂದು ಗುರುತು ಹಾಕುವುದು. ಮುಂದಿನ ಬರಹದ ಹೊತ್ತಿಗೆ ಆ ಗುರುತು ಇದ್ದು, ಟಿಕ್ ಇನ್ನೂ ಮುಂದೆ ಹೋಗಿಲ್ಲದಿದ್ದರೆ ಮಾತ್ರ ನಿಖರ ಗಡಿಯಾರ ನೋಡಿ ಹೊಸ ಮೊಹರು ಒತ್ತುವುದು. ಉಳಿದೆಲ್ಲ ಸಲ ಟಿಕ್‌ನ ಅಗ್ಗದ ಮೊಹರೇ ಸಾಕು. ಗುರುತು ಇಡಲು ಹೊಸ ಜಾಗವೂ ಬೇಕಾಗಲಿಲ್ಲ. ನ್ಯಾನೊಸೆಕೆಂಡಿನ ಲೆಕ್ಕ 99,99,99,999ಕ್ಕಿಂತ ಮೇಲೇರುವುದಿಲ್ಲ. ಅದಕ್ಕೆ 30 ಬಿಟ್ ಸಾಕು. 32 ಬಿಟ್‌ಗಳ ಮನೆಯಲ್ಲಿ ಖಾಲಿ ಉಳಿದ ಒಂದು ಬಿಟ್ಟಿನಲ್ಲಿ ‘ನೋಡಲಾಗಿದೆ’ ಕೂತುಕೊಂಡಿತು. ನಮ್ಮ ಉದಾಹರಣೆಗೆ ಹಚ್ಚಿ ನೋಡಿದರೆ, ಎರಡನೆಯ ಮಿಲಿಸೆಕೆಂಡಿನಲ್ಲಿ ಕ್ಲೈಂಟ್ ಮೊಹರು ಕೇಳಿದಾಗಲೇ ಆ ಬಿಟ್ ಏರುತ್ತದೆ. ಮೂರನೆಯದರಲ್ಲಿ 200 ಬರೆದಾಗ ಸೊನ್ನೆಯ ಬದಲು ಮೂರರ ಮೊಹರು ಬೀಳುತ್ತದೆ. ಮುಂದಿನ ಸಲ ತಾಳೆ ತಪ್ಪುತ್ತದೆ, ಹಳೆಯ ನಕಲು ಹೋಗುತ್ತದೆ. ಕ್ಲೈಂಟಿನ ಡ್ರೈವರ್‌ನಲ್ಲಿ ಒಂದು ಸಾಲನ್ನೂ ಮುಟ್ಟದೆ ಕ್ಲೈಂಟಿನಲ್ಲಿ ಕಾಣುತ್ತಿದ್ದ ದೋಷ ನಿವಾರಣೆಯಾಗುತ್ತದೆ.

ಈ ಬದಲಾವಣೆ ಲಿನಕ್ಸ್ 6.6ಕ್ಕೆ ಸೇರಿತು, ಆದರೆ ಆ ಆವೃತ್ತಿ ಹೊರಬರುವ ಮುನ್ನವೇ 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಹಿಂತೆಗೆದರು. ಒಂದೊಂದೇ ಫೈಲನ್ನು ನೋಡಿದರೆ ಮೊಹರು ಸರಿಯಾಗಿತ್ತು; ಎರಡು ಫೈಲ್‌ಗಳನ್ನು ಅಕ್ಕಪಕ್ಕ ಇಟ್ಟರೆ ಕ್ರಮ ತಪ್ಪುತ್ತಿತ್ತು. ಮೊದಲು ಬದಲಾದ ಫೈಲನ್ನು ಯಾರೋ ನೋಡಿದ್ದರಿಂದ ಅದಕ್ಕೆ ಎರಡನೆಯ ಮಿಲಿಸೆಕೆಂಡಿನ ನಿಖರ ಮೊಹರು ಬಿತ್ತು. ಅದಾದ ಮೇಲೆ, ಮೂರನೆಯದರಲ್ಲಿ ಬದಲಾದ ಇನ್ನೊಂದು ಫೈಲನ್ನು ಯಾರೂ ನೋಡಿರಲಿಲ್ಲ. ಅದಕ್ಕೆ ಬಿದ್ದದ್ದು ಟಿಕ್‌ನ ಸೊನ್ನೆ. ನಂತರ ಬದಲಾದದ್ದು ಮೊದಲೇ ಬದಲಾದಂತೆ ಕಂಡಿತು. ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ‘ಮೇಕ್’ ಎಂಬ ಸಾಧನ ಇಂದಿಗೂ ಲೆಕ್ಕವಿಲ್ಲದಷ್ಟು ಸಾಫ್ಟ್‌ವೇರ್‌ಗಳನ್ನು ಕಟ್ಟುತ್ತದೆ. ಅದು ನಿಂತಿರುವುದೇ ಎರಡು ಫೈಲ್‌ಗಳಲ್ಲಿ ಯಾವುದು ಹೊಸದು ಎಂಬ ಹೋಲಿಕೆಯ ಮೇಲೆ. ಮೂಲ ಬರಹವನ್ನು ತಿದ್ದಿದ ಮೇಲೂ ಅದರ ಮೊಹರು ಹಿಂದಿನದಾಗಿ ಕಂಡರೆ ಮೇಕ್ ಅದನ್ನು ಮತ್ತೆ ಕಟ್ಟುವುದಿಲ್ಲ, ಹಳೆಯ ಪ್ರೋಗ್ರಾಮೇ ಉಳಿಯುತ್ತದೆ. ಕ್ಯಾಶ್‌ನಲ್ಲಿ ಹಳೆಯದು ಉಳಿಯುವುದನ್ನು ತಪ್ಪಿಸಲು ಹೋಗಿ ಇನ್ನೊಂದು ಕಡೆ ಹಳೆಯದನ್ನು ಉಳಿಸಿದಂತಾಯಿತು. ಮೈಕ್ರೋಸೆಕೆಂಡಿನ ಕ್ರಮಕ್ಕೆ ಲಿನಕ್ಸ್ ಎಂದೂ ಮಾತು ಕೊಟ್ಟಿರಲಿಲ್ಲ, ಹಾಗಾಗಿ ಹಿಂತೆಗೆಯುವ ಅಗತ್ಯವಿರಲಿಲ್ಲ ಎಂದು ವಾದಿಸಬಹುದು. ಆ ವಾದವನ್ನು ನಾನು ಒಪ್ಪುವುದಿಲ್ಲ. ಒಂದೇ ಯಂತ್ರದಲ್ಲಿ, ಯಾರೂ ಗಡಿಯಾರ ತಿರುಗಿಸದಿರುವಾಗ, ಮೊಹರುಗಳು ಹಿಂದುಮುಂದಾಗುವುದಿಲ್ಲ ಎಂದು ದಶಕಗಳಿಂದ ಪ್ರೋಗ್ರಾಂಗಳು ನಂಬಿ ನಡೆದಿವೆ. ಅಷ್ಟು ಕಾಲ ನಡೆದುಬಂದ ನಂಬಿಕೆಯನ್ನು ಬರೆದ ಕರಾರಿನಷ್ಟೇ ಗೌರವಿಸಬೇಕು. ಗೊತ್ತಿರುವ, ವರ್ಷಗಳಿಂದ ಜನ ಹೇಗೋ ನಿಭಾಯಿಸಿಕೊಂಡು ಬಂದ ದೋಷವನ್ನು ಇನ್ನೊಂದಷ್ಟು ಕಾಲ ಇಟ್ಟುಕೊಳ್ಳುವುದು, ಯಾರಿಗೂ ಗೊತ್ತಿಲ್ಲದ ಹೊಸ ದೋಷವನ್ನು ಕೋಟಿಗಟ್ಟಲೆ ಯಂತ್ರಗಳಿಗೆ ಹಂಚುವುದಕ್ಕಿಂತ ಮೇಲು.

ಎರಡನೆಯ ಪ್ರಯತ್ನಕ್ಕೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು, ಸೇರಿಸಿದ ಅಂಶ ಮಾತ್ರ ಸಣ್ಣದು. ಇಡೀ ಯಂತ್ರಕ್ಕೆ ಒಂದು ‘ನೆಲಮಟ್ಟ’ವನ್ನು ಇಟ್ಟರು. ಯಾವುದಾದರೂ ಫೈಲ್‌ಗೆ ನಿಖರ ಮೊಹರು ಬಿದ್ದ ತಕ್ಷಣ ನೆಲಮಟ್ಟ ಆ ಸಮಯಕ್ಕೆ ಏರುತ್ತದೆ. ಆಮೇಲೆ ಯಾವ ಫೈಲ್‌ಗೆ ಟಿಕ್‌ನ ಮೊಹರು ಒತ್ತಿದರೂ ಅದು ನೆಲಮಟ್ಟಕ್ಕಿಂತ ಕೆಳಗಿಳಿಯುವಂತಿಲ್ಲ. ಎರಡರಲ್ಲಿ ಯಾವುದು ದೊಡ್ಡದೋ ಅದನ್ನೇ ಒತ್ತಬೇಕು. ಎರಡನೆಯ ಮಿಲಿಸೆಕೆಂಡಿನ ಮೊಹರು ಒಂದು ಫೈಲ್‌ಗೆ ಬಿದ್ದಿದ್ದರೆ, ಮೂರನೆಯದರಲ್ಲಿ ಬದಲಾದ ಫೈಲ್‌ಗೂ ಈಗ ಕನಿಷ್ಠ ಎರಡು ಸಿಗುತ್ತದೆ, ಸೊನ್ನೆಯಲ್ಲ. ಎರಡು ಪ್ರೊಸೆಸರ್‌ಗಳು ಒಂದೇ ಗಳಿಗೆಯಲ್ಲಿ ನೆಲಮಟ್ಟ ಏರಿಸಲು ಹೊರಟರೆ ಒಂದಕ್ಕೆ ಮಾತ್ರ ಅದು ಸಾಧ್ಯ. ಸೋತದ್ದು ಮತ್ತೆ ಜಗ್ಗಾಡದೆ ಗೆದ್ದದ್ದರ ಸಮಯವನ್ನೇ ಒಪ್ಪಿಕೊಳ್ಳುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಬಂದವರಾದ್ದರಿಂದ ಅದರಿಂದ ಯಾರಿಗೂ ಅನ್ಯಾಯವಿಲ್ಲ. ಹೀಗೆ ಎಕ್ಸ್‌ಎಫ್‌ಎಸ್, ಎಕ್ಸ್ಟ್4, ಬಿಟಿಆರ್‌ಎಫ್‌ಎಸ್, ಟಿಎಂಪಿಎಫ್‌ಎಸ್ ಎಂಬ ನಾಲ್ಕು ಫೈಲ್ ಸಿಸ್ಟಮ್‌ಗಳು 6.13ರಲ್ಲಿ ಹೊಸ ಪದ್ಧತಿಗೆ ಬಂದವು. ಓದಿದರೂ ಏರುತ್ತಿದ್ದ ತನ್ನ ಎಣಿಕೆಯನ್ನು ಎನ್‌ಎಫ್‌ಎಸ್‌ಗೆ ಕೊಡುವುದನ್ನು ಬಿಟ್ಟು ಎಕ್ಸ್‌ಎಫ್‌ಎಸ್ ಕೂಡ ಈ ಮೊಹರನ್ನೇ ನೆಚ್ಚಿಕೊಂಡಿತು.

ಇದರ ವ್ಯಾಪ್ತಿಗೆ ಗಡಿಗಳಿವೆ, ಸರ್ವರ್ ನೋಡಿಕೊಳ್ಳುವವರು ಅವನ್ನು ತಿಳಿದಿರಬೇಕು. ಯಾರಾದರೂ ಯಂತ್ರದ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿದರೆ ಕ್ರಮದ ಭರವಸೆ ನಿಲ್ಲುವುದಿಲ್ಲ. ಸರಿಪಡಿಸಿದ ಕರ್ನಲ್ ಇರಬೇಕಾದದ್ದು ಸರ್ವರ್‌ನಲ್ಲಿ. ಕ್ಲೈಂಟನ್ನು ಎಷ್ಟು ಹೊಸದಾಗಿಸಿದರೂ ಹಳೆಯ ಸರ್ವರ್ ಒಂದೇ ಮೊಹರನ್ನು ಎರಡು ಬರಹಕ್ಕೆ ಒತ್ತುತ್ತಲೇ ಇರುತ್ತದೆ. ಇನ್ನೊಂದು ಗಡಿ ಡಿಸ್ಕಿನಲ್ಲೇ ಇದೆ. ಎಕ್ಸ್ಟ್3ರ ಕಾಲದಲ್ಲಿ ಪ್ರತಿ ಫೈಲ್‌ನ ದಾಖಲೆಗೆ 128 ಬೈಟ್‌ಗಳ ಜಾಗ ಕೊಡುತ್ತಿದ್ದರು, ಅದರಲ್ಲಿ ಸೆಕೆಂಡ್ ಬರೆಯಲು ಮಾತ್ರ ಎಡೆಯಿತ್ತು. ಎಕ್ಸ್ಟ್4 ಸಾಮಾನ್ಯವಾಗಿ 256 ಬೈಟ್ ಕೊಡುತ್ತದೆ, ಅಲ್ಲಿ ನ್ಯಾನೊಸೆಕೆಂಡಿಗೂ ಎಡೆಯಿದೆ. ಹಳೆಯ 128 ಬೈಟ್‌ಗಳ ಡಿಸ್ಕನ್ನೇ ಎಕ್ಸ್ಟ್4 ಆಗಿ ಮುಂದುವರಿಸಿದ ಸರ್ವರ್‌ಗಳಲ್ಲಿ ಮಾತ್ರ ಕರ್ನಲ್ ಎಷ್ಟು ನಿಖರವಾದ ಸಮಯ ಕೊಟ್ಟರೂ ಅದು ಸೆಕೆಂಡಿಗೆ ಇಳಿದುಬಿಡುತ್ತದೆ. ಅಲ್ಲಿನ ಸಂದಿ ನಾಲ್ಕು ಮಿಲಿಸೆಕೆಂಡಿನದಲ್ಲ, ಪೂರ್ತಿ ಒಂದು ಸೆಕೆಂಡಿನದು. ಅದನ್ನು ಮುಚ್ಚಲು ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಿ ಫೈಲ್‌ಗಳನ್ನು ಅದಕ್ಕೆ ಸಾಗಿಸುವುದು ಒಂದು ದಾರಿ.